ನಾಲ್ಕನೇ ಗಲ್ಲಿಗೆ ಚಾರ್ಜರ್ ಬಂದದ್ದು

2023ರ ಕೊನೆಯಲ್ಲಿ ನಾನು ದೆಹಲಿಯ ಒಂದು ಖಾಸಗಿ ಕಂಪನಿಯಲ್ಲಿ ಸೀನಿಯರ್ ಸೈಟ್ ಇಂಜಿನಿಯರ್ ಆಗಿದ್ದೆ. ವಿದ್ಯುತ್ ವಾಹನಗಳಿಗೆ ಸಾರ್ವಜನಿಕ ಚಾರ್ಜರ್ ಹಾಕಲು ಜಾಗ ಹುಡುಕುವುದು, ಅಲ್ಲಿನವರನ್ನು ಒಪ್ಪಿಸುವುದು, ಕರೆಂಟಿನ ಸಂಪರ್ಕ ಕೊಡಿಸುವುದು ನನ್ನ ಕೆಲಸ. ಅದೇ ಹುದ್ದೆಯಲ್ಲಿ ಮೈಸೂರಿನ ರಾಘವೇಂದ್ರ ಅವರೂ ಇದ್ದರು. ದಾವಣಗೆರೆಯವಳಾದ ನನಗೆ ಅವರ ಮೇಲೆ ದ್ವೇಷವೇನೂ ಇರಲಿಲ್ಲ. ಇದ್ದದ್ದು ಅಪ್ಪಟ ಹೊಟ್ಟೆಕಿಚ್ಚು.

ಇರದೆ ಇನ್ನೇನು? ಅವರ ಪಾಲಿಗೆ ಬಂದದ್ದು ಲೋಧಿ ಕಾಲೋನಿ. ಬೇವಿನ ಮರಗಳ ನೆರಳು, ಅಗಲವಾದ ರಸ್ತೆ, ಮಾತಾಡಲು ಹೋದರೆ ಕೂರಿಸಿ ಚಹಾ ಕೊಡುವ ಅಧಿಕಾರಿಗಳು. ನಿವಾಸಿಗಳ ಸಂಘದ ಒಂದೇ ಪತ್ರದಲ್ಲಿ ಹೂವು ಎತ್ತಿದಷ್ಟು ಸಲೀಸಾಗಿ ಕೆಲಸ ಮುಗಿಯಿತು. ಉದ್ಘಾಟನೆಯ ಫೋಟೋ ಆಫೀಸಿನ ಗೋಡೆಗೂ ಏರಿತು. ನನ್ನ ಪಾಲಿಗೆ ಬಂದದ್ದು ಘಾಜಿಯಾಬಾದ್ ಗಡಿಗೆ ಅಂಟಿಕೊಂಡ, ಎರಡು ಇ-ರಿಕ್ಷಾ ಎದುರಾದರೆ ಒಂದು ಹಿಂದೆ ಸರಿಯಬೇಕಾದಂಥ ಗಲ್ಲಿಗಳ ಬಡಾವಣೆ. ಮನೆಯಲ್ಲಿ ನನ್ನ ಗೊಣಗಾಟ ಕೇಳಿ ಕೇಳಿ ಸಾಕಾದ ಮಗಳು, "ಅಮ್ಮಾ, ಯೂ ಆರ್ ಜೆಲಸ್, ಹೈ ನಾ?" ಎಂದಳು. ಹೌದು ಎಂದೆ. ಸುಳ್ಳು ಹೇಳಿ ಏನು ಪ್ರಯೋಜನ?

ಆ ಬಡಾವಣೆಯಲ್ಲಿ ಕಾರಿನವರು ಕಡಿಮೆ, ಇ-ರಿಕ್ಷಾದವರು ಬಹಳ. ಇ-ರಿಕ್ಷಾದ ಬ್ಯಾಟರಿ ತುಂಬಲು ರಾತ್ರಿಯಿಡೀ ಬೇಕು. ಹಾಗಾಗಿ ಚಾಲಕರು ಸಂಜೆ ಯಾವುದಾದರೂ ಗ್ಯಾರೇಜಿನಲ್ಲಿ ಗಾಡಿ ಬಿಟ್ಟು, ಚಾರ್ಜಿಗೆ ಹಾಕಿ, ನಡೆದು ಮನೆಗೆ ಬರುತ್ತಾರೆ. ನಾಲ್ಕನೇ ಗಲ್ಲಿಯ ಬಬಿತಾ ಕೂಡ ಹಾಗೇ ಮಾಡುತ್ತಿದ್ದಳು. ಗಂಡನಿಲ್ಲದ ಆಕೆ ಮನೆಗೆಲಸ ಬಿಟ್ಟು ರಿಕ್ಷಾ ಹಿಡಿದವಳು. ಬೆಳಗ್ಗೆ ಶಾಲೆಯ ಮಕ್ಕಳು, ಆಮೇಲೆ ಮೆಟ್ರೋ ನಿಲ್ದಾಣದ ಸವಾರಿ. ಹತ್ತಿರದ ಗ್ಯಾರೇಜನ್ನು ಕೆಡವಿ ಅಂಗಡಿ ಕಟ್ಟುವುದಾಗಿ ಮಾಲೀಕ ಹೇಳಿಬಿಟ್ಟಿದ್ದ. ಇನ್ನೊಂದು ಗ್ಯಾರೇಜು ಇದ್ದದ್ದು ಹೆದ್ದಾರಿಯ ಆಚೆ.

"ಅಲ್ಲಿ ಗಂಡಸರು ಕುಡಿದು ಬಿದ್ದಿರ್ತಾರೆ ಮೇಡಂಜಿ. ಕತ್ತಲಲ್ಲಿ ಒಬ್ಬಳೇ ಹೆದ್ದಾರಿ ದಾಟಿ ಬರೋದು ನನ್ನಿಂದ ಆಗಲ್ಲ. ಮಾರ್ಚ್‌ವರೆಗೆ ನೋಡ್ತೀನಿ, ಆಮೇಲೆ ಗಾಡಿ ಮಾರಿ ಮತ್ತೆ ಪಾತ್ರೆ ತೊಳೆಯೋಕೆ ಹೋಗ್ತೀನಿ" ಎಂದಳು.

ನಮ್ಮ ಮ್ಯಾನೇಜರ್ ನನಗೆ ಕೊಟ್ಟ ಗಡುವೂ ಮಾರ್ಚ್ ತಿಂಗಳೇ. ಅಷ್ಟರಲ್ಲಿ ಜಾಗ ಸಿಗದಿದ್ದರೆ ನನ್ನ ಪಾಲಿನ ಚಾರ್ಜರುಗಳೂ ಲೋಧಿ ಕಾಲೋನಿಗೆ ಹೋಗುತ್ತವೆ ಎಂದರು. ಪಕ್ಕದಲ್ಲೇ ಕೂತಿದ್ದ ರಾಘವೇಂದ್ರ, "ಬೇಜಾರು ಮಾಡ್ಕೋಬೇಡಿ ಸುಮಿತ್ರಾ, ಅಲ್ಲಿ ಜಾಗ ಬೇಕಾದಷ್ಟಿದೆ" ಎಂದು ಸಮಾಧಾನ ಹೇಳಿದರು. ಮೈಯೆಲ್ಲ ಉರಿದುಹೋಯಿತು.

ನಾಲ್ಕನೇ ಗಲ್ಲಿಯ ಬಾರಾತ್ ಘರ್, ಅಂದರೆ ಮದುವೆಗಳಿಗೆ ಬಿಡುವ ಸಾರ್ವಜನಿಕ ಕಟ್ಟಡದ ಪಕ್ಕದಲ್ಲಿ, ಬಬಿತಾಳ ಮನೆಯ ಎದುರಿಗೇ, ಒಳ್ಳೆಯ ಖಾಲಿ ಜಾಗವಿತ್ತು. ಸರ್ಕಾರಿ ಜಾಗವೇ ಆದರೂ ಗಲ್ಲಿಯವರು ಅಡ್ಡ ನಿಂತರೆ ಗುದ್ದಲಿ ಹಾಕುವಂತಿಲ್ಲ. ಸಭೆ ಕರೆದೆ. ಚಾರ್ಜರಿಗೆ ಬೇರೆಯೇ ಮೀಟರ್ ಇರುತ್ತದೆ, ನಿಮ್ಮ ಬಿಲ್ಲಿಗೂ ಇದಕ್ಕೂ ಸಂಬಂಧವಿಲ್ಲ; ಭೂಮಿಗೆ ಅರ್ಥಿಂಗ್ ಕೊಡುತ್ತೇವೆ, ಶಾಕ್ ಹೊಡೆಯುವುದಿಲ್ಲ ಎಂದೆಲ್ಲ ವಿವರಿಸಿದೆ. ಗಲ್ಲಿಯ ಹಿರಿಯರಾದ ಪ್ರಧಾನ್‌ಜಿ ಮೀಸೆ ತಿರುವುತ್ತ ಕೇಳಿ, "ಇಷ್ಟು ಒಳ್ಳೇದಾದ್ರೆ ದೊಡ್ಡವರು ಇಟ್ಕೊಳ್ದೆ ನಮಗ್ಯಾಕೆ ಕೊಡ್ತಾರೆ ಬೇಟಿ? ನಮಗೆ ಬೇಡ" ಎಂದು ಎದ್ದುಬಿಟ್ಟರು. ಎರಡನೇ ಸಭೆಗೆ ಜನವೇ ಬರಲಿಲ್ಲ. ಬಬಿತಾ ಮನೆಮನೆಗೆ ಹೋಗಿ ಕೇಳಿದರೂ, ನಿನ್ನ ಗಾಡಿಗೋಸ್ಕರ ನಾವ್ಯಾಕೆ ಸಾಯೋಣ ಎಂದು ಕಳಿಸಿದರು.

ಬೇರೆ ದಾರಿ ಕಾಣದೆ, ಮಾರ್ಚ್ ಮೊದಲ ವಾರ ಐದನೇ ಗಲ್ಲಿಗೆ ಹೋದೆ. ಅಲ್ಲಿನ ಪಾರ್ಕಿನ ಗೋಡೆಯ ಬದಿಯಲ್ಲಿ ಜಾಗ ಸಾಲುತ್ತದೋ ನೋಡಲು ಟೇಪ್ ಬಿಚ್ಚಿದೆ. ಅಳತೆ ಮುಗಿಯುವ ಮೊದಲೇ ಹಿಂದಿನಿಂದ ಪ್ರಧಾನ್‌ಜಿಯ ದನಿ ಕೇಳಿಸಿತು.

"ಇಲ್ಲೇನು ಅಳೀತಿದೀರಿ?"

"ಚಾರ್ಜರಿಗೆ ಜಾಗ."

ಅವರ ಮುಖ ಹುಳಿ ತಿಂದಂತಾಯಿತು. "ಅಚ್ಛಾ! ನೀರಿನ ನಲ್ಲಿ ಮೊದಲು ಇವರಿಗೆ, ಸಿಮೆಂಟ್ ರಸ್ತೆ ಮೊದಲು ಇವರಿಗೆ. ಈಗ ಇದೂ ಇವರಿಗೇನಾ?"

ಆ ದನಿ ನನಗೆ ಚೆನ್ನಾಗಿ ಪರಿಚಯವಿತ್ತು. ಲೋಧಿ ಕಾಲೋನಿಯ ಫೋಟೋ ಮುಂದೆ ನಿಂತಾಗಲೆಲ್ಲ ನನ್ನ ಒಳಗೆ ಕೇಳುತ್ತಿದ್ದ ದನಿಯೇ ಅದು. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು ಅನ್ನುವುದು ಸುಳ್ಳಲ್ಲ. ನಾನು ಮೀಟರಿನ ವಿಷಯ ಎತ್ತಲಿಲ್ಲ, ಅರ್ಥಿಂಗ್ ವಿಷಯ ಎತ್ತಲಿಲ್ಲ. "ನೀವು ಬೇಡ ಅಂದ್ರಲ್ಲ ಪ್ರಧಾನ್‌ಜಿ" ಎಂದು ಹೇಳಿ, ಅಳೆದ ಗೋಡೆಯನ್ನೇ ಇನ್ನೊಮ್ಮೆ ನಿಧಾನವಾಗಿ ಅಳೆದೆ. ಸುತ್ತ ಜನ ಸೇರಿದರು. ಚಹಾದ ಭಯ್ಯಾ ಸ್ಟವ್ ಬಿಟ್ಟು ಬಂದು ನೋಡಿದ.

ಮರುದಿನವೇ ಪ್ರಧಾನ್‌ಜಿ ನಾಲ್ಕು ಜನರನ್ನು ಕಟ್ಟಿಕೊಂಡು ನನ್ನ ಆಫೀಸಿಗೆ ಬಂದರು. ಬಾರಾತ್ ಘರ್ ಪಕ್ಕದ ಜಾಗ ಇವತ್ತೇ ಗುಡಿಸಿಕೊಡುತ್ತೇವೆ, ಆದರೆ ಐದನೇ ಗಲ್ಲಿಗೆ ಕೊಟ್ಟೀರಿ ಜೋಕೆ ಎಂದರು. ಮಾರ್ಚ್ ಮುಗಿಯುವುದರೊಳಗೆ ಅಲ್ಲಿ ಆರು ಚಾರ್ಜಿಂಗ್ ಪಾಯಿಂಟುಗಳು ನಿಂತವು. ಹಗಲು-ರಾತ್ರಿ ಕಾಯಲು ಗಲ್ಲಿಯವರೇ ಸರದಿ ಹಾಕಿಕೊಂಡರು.

ಕೆಲಸ ಮುಗಿದ ಮೇಲೆ ರಾಘವೇಂದ್ರ ನೋಡಲು ಬಂದರು. ಆರೂ ಪಾಯಿಂಟಿನಲ್ಲಿ ಗಾಡಿಗಳು, ಪಕ್ಕದಲ್ಲಿ ನಾಳೆಯ ಸರದಿಗೆ ಹೆಸರು ಬರೆಸುವವರ ಸಾಲು. ಅದನ್ನು ನೋಡಿ, "ನನ್ನ ಚಾರ್ಜರ್ ಹತ್ರ ದಿನಾ ಒಂದು ಕಾರು ಬಂದ್ರೆ ಪುಣ್ಯ ಕಣ್ರೀ. ಎಲ್ಲರೂ ಮನೇಲೇ ಹಾಕ್ಕೋತಾರೆ" ಎಂದರು. ನನಗಾದ ಸಂತೋಷವನ್ನು ಮುಚ್ಚಿಡಲು ಬ್ಯಾಗಿನಲ್ಲಿ ಏನನ್ನೋ ಹುಡುಕುವಂತೆ ನಟಿಸಿದೆ. ಆ ವರ್ಷ ಪ್ರಮೋಷನ್ ಸಿಕ್ಕಿದ್ದು ಮಾತ್ರ ಅವರಿಗೇ. ಅದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಯಾವಾಗಲೂ ಉಳಿದದ್ದನ್ನೇ ಪಡೆದು ಬದುಕಿದವರು, ಪುಕ್ಕಟೆ ಬಂದದ್ದನ್ನು ಅನುಮಾನದಿಂದಲೇ ನೋಡುತ್ತಾರೆ. ಇನ್ನೊಬ್ಬರೂ ಅದಕ್ಕೆ ಆಸೆಪಡುತ್ತಾರೆಂದು ಗೊತ್ತಾದಾಗಲೇ ಅದಕ್ಕೆ ಬೆಲೆಯಿದೆ ಎಂದು ನಂಬುತ್ತಾರೆ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಸಂಜೆ ಬಬಿತಾ ಗಾಡಿಗೆ ಪ್ಲಗ್ ಹಾಕಿ, ಬಾಗಿಲಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದಳು. ನನ್ನನ್ನು ಕಂಡು ಎದ್ದು ಬಂದು, ಗುಟ್ಟು ಹೇಳುವವಳಂತೆ ತಗ್ಗಿದ ದನಿಯಲ್ಲಿ ಹೇಳಿದಳು:

"ಮೇಡಂಜಿ, ಐದನೇ ಗಲ್ಲಿ ಹೆಂಗಸರು ನನ್ನ ನೋಡಿ ಉರ್ಕೋತಿದಾರೆ. ಮನೆ ಮುಂದೇನೇ ಗಾಡಿ, ಇವಳಿಗೇನು ಕಮ್ಮಿ ಅಂತ. ನನ್ನ ನೋಡಿ ಒಬ್ಬರು ಹೊಟ್ಟೆ ಉರ್ಕೊಂಡಿದ್ದು, ಹುಟ್ಟಿದಾಗಿನಿಂದ ಇದೇ ಮೊದಲು."