ಅಕ್ಕ ಹಾಕಿದ ಕಣ್ಣಿನ ಹನಿ

ಹೊಸಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷದಿಂದ ಟೈಪಿಸ್ಟ್ ಆಗಿದ್ದೇನೆ. ಕೀಲಿಮಣೆ ನೋಡದೆಯೇ ಪುಟಗಟ್ಟಲೆ ಟೈಪು ಮಾಡುತ್ತೇನೆ, ಕತ್ತಲಲ್ಲಿ ಸೂಜಿಗೆ ದಾರ ಪೋಣಿಸುತ್ತೇನೆ ಎಂದು ಒಂದು ಕಾಲದಲ್ಲಿ ಜಂಬವನ್ನೂ ಕೊಚ್ಚಿಕೊಂಡಿದ್ದೇನೆ. ಆದರೆ ನನ್ನ ಕಣ್ಣಿಗೆ ನಾನೇ ಒಂದು ಹನಿ ಔಷಧಿ ಹಾಕಿಕೊಳ್ಳಲು ನನಗೆ ಬರುವುದಿಲ್ಲ. ಸೀಸೆ ಮೇಲೆ ಬರುತ್ತಿದ್ದಂತೆ ರೆಪ್ಪೆ ಮುಚ್ಚಿಕೊಳ್ಳುತ್ತದೆ. ಹನಿಯೇನೋ ಬೀಳುತ್ತದೆ, ಆದರೆ ಹುಬ್ಬಿನ ಮೇಲೆ, ಕೆನ್ನೆಯ ಮೇಲೆ, ಒಮ್ಮೆಯಂತೂ ನೇರವಾಗಿ ಕಿವಿಯೊಳಕ್ಕೆ.

ಐವತ್ತಾರಕ್ಕೇ ನನ್ನ ಬಲಗಣ್ಣಿಗೆ ಪೊರೆ ಬಂತು. ಶುಗರ್ ಇದ್ದವರಿಗೆ ಸ್ವಲ್ಪ ಬೇಗ ಬರುತ್ತದಂತೆ. ಡಾಕ್ಟರಮ್ಮ ಆಪರೇಷನ್ನಿಗೆ ಮೂರು ದಿನ ಮೊದಲಿನಿಂದಲೇ ಒಂದು ಔಷಧಿ ಶುರುಮಾಡಿಸಿದರು. ಕಣ್ಣಿನೊಳಗೆ ಊತ ಬರದಂತೆ ತಡೆಯುವುದು ಅದರ ಕೆಲಸ. ಬರೆದುಕೊಡುವ ಮೊದಲು, "ನೋವಿನ ಮಾತ್ರೆ ತಗೊಂಡ್ರ ನಿಮಗ ದಮ್ಮು ಗಿಮ್ಮು ಬರ್ತೈತೇನ್ರಿ?" ಎಂದು ಕೇಳಿದರು. ಇದೂ ಅದೇ ಜಾತಿಯ ಔಷಧಿಯಂತೆ. ನನಗೆ ಆ ತೊಂದರೆ ಇರಲಿಲ್ಲ. ನನಗಿದ್ದ ತೊಂದರೆಯೆಲ್ಲ ಹನಿಯನ್ನು ಕಣ್ಣಿನವರೆಗೆ ಮುಟ್ಟಿಸುವುದು.

ಮೊದಲ ದಿನ ನನ್ನ ಗಂಡ ಪ್ರಯತ್ನಿಸಿದರು. ತೋರಣಗಲ್ಲಿನ ಕಾರ್ಖಾನೆಯಲ್ಲಿ ಕ್ರೇನು ಓಡಿಸುವ ಮನುಷ್ಯ. ಟನ್ನುಗಟ್ಟಲೆ ಕಬ್ಬಿಣವನ್ನು ಗೆರೆ ತಪ್ಪದೆ ಇಳಿಸುವ ಕೈ ನನ್ನ ಕಣ್ಣಿನ ಮುಂದೆ ನಡುಗತೊಡಗಿತು. "ನಿನ್ನ ಕಣ್ಣು ನನ್ನನ್ನ ನೋಡ್ತದಲ್ಲೇ, ಕಬ್ಬಿಣ ಹಂಗ ನೋಡಂಗಿಲ್ಲ," ಎಂದು ಸೀಸೆ ಕೆಳಗಿಟ್ಟರು. ಮೇಲಾಗಿ ಅವರ ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ. ಮಗಳು ರಾಯಚೂರಿನಲ್ಲಿ, ಅವಳ ಕೈಯಲ್ಲಿ ಎಳೆಗೂಸು. ಹಾಗಾಗಿ ಕಂಪ್ಲಿಗೆ ಫೋನು ಮಾಡಿದೆ. ಮರುದಿನವೇ ಅಕ್ಕ ಒಂದು ಬಟ್ಟೆಯ ಚೀಲ ಹಿಡಿದು ಬಸ್ಸಿಳಿದಳು.

ಅಕ್ಕ ಹುಲಿಗೆಮ್ಮ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ನಾವು ಸಂಡೂರು ತಾಲ್ಲೂಕಿನ ಬಂಡ್ರಿಯವರು. ಅಪ್ಪ ಅವ್ವ ಇಬ್ಬರೂ ಗಣಿಗೆ ಕೂಲಿಗೆ ಹೋಗುತ್ತಿದ್ದರು. ನಾನು ಹುಟ್ಟಿದಾಗ ಮನೆಯಲ್ಲಿ ನನ್ನನ್ನು ಎತ್ತಿಕೊಳ್ಳಲು ಒಬ್ಬರು ಬೇಕಾಯಿತು, ಎರಡನೇ ಕ್ಲಾಸಿನಲ್ಲಿದ್ದ ಅಕ್ಕನನ್ನು ಶಾಲೆ ಬಿಡಿಸಿದರು. ನಾನು ಬೆಳೆದು ಶಾಲೆಗೆ ಸೇರಿದಾಗ ನನ್ನ ಸ್ಲೇಟು ಹಿಡಿದುಕೊಂಡು ಬಾಗಿಲವರೆಗೆ ಬಂದು ಬಿಡುತ್ತಿದ್ದವಳೂ ಅವಳೇ. ಬಾಗಿಲಿನಿಂದ ಒಳಗೆ ಬರುತ್ತಿರಲಿಲ್ಲ. ನನಗೆ ಒಂಬತ್ತು ತುಂಬುವ ಹೊತ್ತಿಗೆ ಅವಳನ್ನು ಕಂಪ್ಲಿಗೆ ಕೊಟ್ಟು ಮದುವೆ ಮಾಡಿದರು. ಅಲ್ಲಿಂದೀಚೆಗೆ ನಾವಿಬ್ಬರೂ ಒಂದೇ ಸೂರಿನಡಿ ಎರಡು ದಿನಕ್ಕಿಂತ ಹೆಚ್ಚು ಇದ್ದದ್ದು ನನಗೆ ನೆನಪಿಲ್ಲ. ಅವಳಿಗೆ ಗದ್ದೆ, ಎಮ್ಮೆ, ಮಕ್ಕಳು. ನನಗೆ ಕಚೇರಿ.

ಆಪರೇಷನ್ ಸುಸೂತ್ರವಾಗಿ ಆಯಿತು. ಆಮೇಲೆ ಆ ಮೊದಲಿನ ಸೀಸೆಯ ಜೊತೆಗೆ ಇನ್ನೊಂದು ಸೇರಿತು. ಮೊದಲಿನದು ದಿನಕ್ಕೆ ಮೂರು ಸಲ, ನಾಲ್ಕು ವಾರ. ಎರಡನೆಯದು ಹಾಲಿನಂಥದ್ದು, ಹಾಕುವ ಮೊದಲು ಚೆನ್ನಾಗಿ ಅಲುಗಾಡಿಸಬೇಕು. ಮೊದಲ ವಾರ ನಾಲ್ಕು ಸಲ, ಆಮೇಲೆ ವಾರಕ್ಕೊಂದು ಸಲದಂತೆ ಕಡಿಮೆ ಮಾಡುತ್ತ ಬಂದು ನಿಲ್ಲಿಸಬೇಕು. ಕಣ್ಣು ಚೆನ್ನಾಗಿ ಕಾಣಿಸಿತೆಂದು ನಡುವೆಯೇ ಬಿಟ್ಟುಬಿಟ್ಟರೆ ಒಳಗಿನ ಊತ ತಿರುಗಿ ಬರಬಹುದು. ಇದನ್ನೆಲ್ಲ ನರ್ಸು ಹೇಳುತ್ತಿದ್ದರೆ ನಾನು ಎಂದಿನ ಅಭ್ಯಾಸದಂತೆ, ಚೀಟಿಯಲ್ಲಿದೆಯಲ್ಲ ಎಂದು ಅರ್ಧಂಬರ್ಧ ಕೇಳಿಸಿಕೊಂಡೆ. ಅಕ್ಕನಿಗೆ ಚೀಟಿಯಿಂದ ಪ್ರಯೋಜನವಿರಲಿಲ್ಲ. ಅವಳು ನರ್ಸಿನ ಬಾಯನ್ನೇ ನೋಡುತ್ತ ಒಂದೊಂದು ಮಾತನ್ನೂ ಎರಡೆರಡು ಸಲ ಹೇಳಿಸಿದಳು. ಮನೆಗೆ ಬಂದವಳೇ ಮೊದಲಿನ ಸೀಸೆಗೆ ಹಳದಿ ದಾರ, ಹಾಲಿನ ಸೀಸೆಗೆ ಕೆಂಪು ದಾರ ಕಟ್ಟಿದಳು. ಅಲ್ಲಿಗೆ ಗೊಂದಲ ಮುಗಿಯಿತು. ಓದು ಬರುವ ನಾನು ಒಮ್ಮೆ ಕೆಂಪು ದಾರದ್ದನ್ನು ಅಲುಗಾಡಿಸದೆ ಕೊಟ್ಟು ಬೈಸಿಕೊಂಡೆ.

ಅವಳ ಶಿಸ್ತನ್ನು ನೀವು ನೋಡಬೇಕಿತ್ತು. ಸೋಪು ಹಚ್ಚಿ ಕೈ ತೊಳೆಯುವಳು. ನನ್ನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಳ್ಳುವಳು. "ಮ್ಯಾಲ ನೋಡು, ಫ್ಯಾನ್ ನೋಡು," ಎನ್ನುತ್ತ ಕೆಳಗಿನ ರೆಪ್ಪೆಯನ್ನು ಮೆಲ್ಲಗೆ ಎಳೆದು, ಸೀಸೆಯ ತುದಿ ಎಲ್ಲೂ ತಾಗದಂತೆ ಒಂದೇ ಒಂದು ಹನಿ. ಆಮೇಲೆ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಹಗುರವಾಗಿ ಒತ್ತಿ ಹಿಡಿಯುವಳು, ಔಷಧಿ ಗಂಟಲಿಗೆ ಇಳಿಯದಿರಲೆಂದು. ಚಿಕ್ಕಂದಿನಲ್ಲಿ ಅದಿರಿನ ಲಾರಿ ಹೋದಾಗೆಲ್ಲ ನನ್ನ ಕಣ್ಣಿಗೆ ಕೆಂಪು ಧೂಳು ಬೀಳುತ್ತಿತ್ತು, ಅಕ್ಕ ಸೆರಗಿನ ತುದಿಗೆ ಬಾಯಿಂದ ಬಿಸಿ ಊದಿ ಒತ್ತುತ್ತಿದ್ದಳು. ಅದನ್ನು ನೆನಪಿಸಿ, "ಈಗೂ ಹಂಗ ಊದು," ಎಂದೆ. "ಸುಮ್ಮನಿರು, ಈಗ ಅಲ್ಲಿ ಗಾಯ ಐತಿ. ಬಾಯಿ ಗಾಳಿ ತಾಗಬಾರ್ದು," ಎಂದಳು. ಎದುರು ಮನೆಯ ಶಾರದಮ್ಮ ಬಂದು, ನಮ್ಮತ್ತೆಯ ಕಣ್ಣಿಗೂ ಉರಿ, ಉಳಿದ ಔಷಧಿ ಇದ್ದರೆ ಎರಡು ಹನಿ ಕೊಡಿ ಎಂದಾಗ, "ಇದು ಉಪ್ಪು ಕಾರ ಅಲ್ಲವ್ವಾ ಕಡ ಕೊಡಾಕ. ಅತ್ತಿನ್ನ ಡಾಕ್ಟರ್ ಕಡೆ ಕರ್ಕೊಂಡು ಹೋಗ್," ಎಂದು ಕಳಿಸಿದಳು.

ಒಂದು ಔಷಧಿಗೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಮೊದಲಿನದು ಕೊಚ್ಚಿ ಹೋಗುತ್ತದೆ. ಆ ಐದು ನಿಮಿಷ ನಾನು ಕಣ್ಣು ಮುಚ್ಚಿಕೊಂಡು ಅವಳ ತೊಡೆಯ ಮೇಲೆ ಮಲಗಿರುತ್ತಿದ್ದೆ, ಅವಳು ಮಾತಾಡುತ್ತಿದ್ದಳು. ಬಂಡ್ರಿಯ ಮಾತು. ಅವ್ವ ಅದಿರಿನ ಬುಟ್ಟಿ ಹೊತ್ತು ಹೊತ್ತು ತಲೆಯ ನಡುವೆ ಕೂದಲು ಸವೆದುಹೋಗಿದ್ದು, ನಾನು ಬೆಲ್ಲ ಬೇಕೆಂದು ಅಂಗಡಿಯ ಮುಂದೆ ಉರುಳಾಡಿದ್ದು. ಕಣ್ಣು ಮುಚ್ಚಿ ಕೇಳಿದರೆ ದನಿಗೆ ವಯಸ್ಸೇ ಆಗಿರಲಿಲ್ಲ. ಅರವತ್ನಾಲ್ಕರ ಹೆಂಗಸು ಮಾಯವಾಗಿ, ಎರಡು ಜಡೆಯ ಹುಡುಗಿಯೊಬ್ಬಳು ನನ್ನನ್ನು ಸೊಂಟದ ಮೇಲೆ ಹೊತ್ತು ಓಣಿ ತಿರುಗುತ್ತಿದ್ದಳು.

ನಮ್ಮ ಭಾಷೆಯಲ್ಲಿ ಪೊರೆ ಎಂದರೆ ಕಣ್ಣಿಗೆ ಕಟ್ಟುವ ಪರದೆ, ಹಾವು ಕಳಚುವ ಚರ್ಮ. ಅದೇ ಪದ ಕ್ರಿಯಾಪದವಾದರೆ ಸಲಹು, ಸಾಕು ಎಂದಾಗುತ್ತದೆ. ಡಾಕ್ಟರಮ್ಮ ಪೊರೆ ತೆಗೆದರು. ಪೊರೆದವಳು ಬಂದು ಮನೆಯಲ್ಲಿ ಕುಳಿತಳು. ಟೈಪಿಸ್ಟಿಗೆ ಇಷ್ಟು ಪಾಂಡಿತ್ಯ ಸಾಕು.

ಆದರೆ ಕೆಂಪು ದಾರದ ಸರದಿ ನಾಲ್ಕರಿಂದ ಮೂರಾಯಿತು, ಮೂರರಿಂದ ಎರಡಾಯಿತು, ಒಂದಕ್ಕೆ ಇಳಿಯಿತು. ಬಲಗಣ್ಣಿನಲ್ಲಿ ಗೋಡೆಯ ಸುಣ್ಣ ಹೊಸದಾಗಿ ಬಳಿದಂತೆ ಬೆಳ್ಳಗೆ ಕಾಣುತ್ತಿತ್ತು. ಮನಸ್ಸು ಮಾತ್ರ ದಿನ ಎಣಿಸುತ್ತ ಕುಗ್ಗುತ್ತಿತ್ತು. ನಾಲ್ಕನೇ ವಾರದ ಕೊನೆಗೆ ಅಕ್ಕ ಚೀಲ ಕಟ್ಟಿಟ್ಟಳು. ಅವಳ ಮನೆಯ ಎಮ್ಮೆ ತುಂಬಿದ ಗಬ್ಬ, ಇವತ್ತೋ ನಾಳೆಯೋ ಈಯುವಂತಿತ್ತು. ಆಸ್ಪತ್ರೆಗೆ ಇಬ್ಬರೂ ಹೋದೆವು. ಅವಳು ಹೊರಗೆ ಬೆಂಚಿನ ಮೇಲೆ ಕುಳಿತಳು, ನಾನು ಒಳಗೆ ಹೋದೆ. ಡಾಕ್ಟರಮ್ಮ ನೋಡಿ, ಎಲ್ಲ ಚೆನ್ನಾಗಿದೆ, ಎರಡೂ ಔಷಧಿ ಇವತ್ತಿಗೆ ನಿಲ್ಲಿಸಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಹೊರಗೆ ಬಂದಾಗ ಅಕ್ಕ ಎದ್ದು ನಿಂತು, "ಏನಂದ್ರಲೇ?" ಎಂದಳು.

"ಕೆಂಪಿದ್ದು ಸಾಕಂತ. ಹಳದಿದ್ದು ಇನ್ನೂ ಎರಡು ವಾರ ಹಾಕ್ಬೇಕಂತ," ಎಂದೆ.

ಈ ಮಾತು ನನ್ನ ಬಾಯಿಂದ ಹೇಗೆ ಬಂತೋ ನನಗೆ ಗೊತ್ತಿಲ್ಲ. ಬಂದ ಮೇಲೆ ನಾನು ಅದನ್ನು ತಿದ್ದಲಿಲ್ಲ. ಬದಲಾಗಿ ಚೀಟಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿ, ತಲೆಯಾಡಿಸಿ, ಮಡಚಿ ಕೊಟ್ಟಳು. "ಎರಡ್ ವಾರ ಏನು, ಕಣ್ಣಿಗಿಂತ ಹೆಚ್ಚೇನು," ಎಂದು ಕಂಪ್ಲಿಗೆ ಫೋನು ಹಚ್ಚಿ, ತಾನು ಬರುವುದು ತಡವೆಂದು ಸೊಸೆಗೆ ಹೇಳಿದಳು. ನಾನು ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಹೊಸ ಸೀಸೆ ಕೊಂಡೆ. ಅಕ್ಕ ಅದಕ್ಕೂ ಹಳದಿ ದಾರ ಕಟ್ಟಿದಳು.

ಕದ್ದ ದಿನಗಳು ಎಷ್ಟು ರುಚಿಯಾಗಿರುತ್ತವೆ! ಕಂಪ್ಲಿಯಲ್ಲಿ ನಲವತ್ತೇಳು ವರ್ಷ ಬಾಳಿದ ಅಕ್ಕ ಹಂಪಿಯನ್ನು ಒಮ್ಮೆ ಮಾತ್ರ, ಅದೂ ಒಂದು ಮದುವೆಯ ಗದ್ದಲದಲ್ಲಿ ನೋಡಿದ್ದಳು. ಕಪ್ಪು ಕನ್ನಡಕ ಹಾಕಿಕೊಂಡು ಅವಳನ್ನು ಕರೆದುಕೊಂಡು ಹೋದೆ. ಕಡ್ಡಿರಾಂಪುರದಲ್ಲಿ ಇಳಿದು ಮಿರ್ಚಿ ತಿಂದೆವು. ಮಧ್ಯಾಹ್ನ ಹೊಳೆಯ ದಂಡೆಯ ಮಂಟಪದಲ್ಲಿ ಕುಳಿತಾಗ ಅವಳಿಗೆ ಔಷಧಿಯ ಹೊತ್ತು ನೆನಪಾಯಿತು. ಬಾಟಲಿ ನೀರಿನಿಂದ ಕೈ ತೊಳೆದುಕೊಂಡು, ನನ್ನ ತಲೆಯನ್ನು ತೊಡೆಗೆ ಎಳೆದುಕೊಂಡಳು. ಮೇಲೆ ಕಲ್ಲಿನ ಚಾವಣಿ, ಪಕ್ಕದಲ್ಲಿ ನೀರಿನ ಸದ್ದು, ಕಣ್ಣಲ್ಲಿ ತಣ್ಣನೆಯ ಹನಿ. ಆ ಆರು ವಾರಗಳ ಅತ್ಯಂತ ಸುಖದ ಹನಿ ಯಾವುದೆಂದು ಕೇಳಿದರೆ ಅದನ್ನೇ ಹೇಳುತ್ತೇನೆ. ನನ್ನ ಕಣ್ಣಿಗೆ ಬೇಡವಾಗಿದ್ದ ಹನಿ ಅದು.

ಅಲ್ಲಿರುವಾಗಲೇ ಕಂಪ್ಲಿಯಿಂದ ಫೋನು ಬಂತು. "ಎಮ್ಮಿ ಈದೈತಂತ! ಹೆಣ್ಗರಾ!" ಎಂದು ಅಕ್ಕ ಮುಖವರಳಿಸಿದಳು. ಆಮೇಲೆ ಹೊಳೆಯ ಕಡೆ ತಿರುಗಿ, "ಹಿಂದಿನ ಮೂರು ಸೂಲಿಗೂ ನಾನೇ ಮುಂದ ನಿಂತಿದ್ನಿ," ಎಂದಳು. ನಾನು ಹಳದಿ ದಾರದ ಸೀಸೆಯನ್ನು ಚೀಲದ ತಳಕ್ಕೆ ತಳ್ಳಿದೆ.

ಹತ್ತನೇ ದಿನಕ್ಕೆ ಕಣ್ಣಿನಲ್ಲಿ ಮರಳು ಬಿದ್ದಂತಾಯಿತು. ಬೆಳಕು ಚುಚ್ಚತೊಡಗಿತು, ನೀರು ಸುರಿಯಿತು. ನಾನು ಧೂಳೆಂದೆ, ನಿದ್ದೆಗೇಡೆಂದೆ. ಅಕ್ಕ ಕೇಳಲಿಲ್ಲ. ಅವಳೇ ಆಟೋ ಕರೆದಳು, ಈ ಸಲ ಹೊರಗೆ ಬೆಂಚಿನ ಮೇಲೆ ಕೂರದೆ ನನ್ನ ಹಿಂದೆಯೇ ಒಳಗೆ ಬಂದಳು. ಡಾಕ್ಟರಮ್ಮ ಪರೀಕ್ಷೆಗೆಂದು ಕಣ್ಣಿಗೆ ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರು.

"ಕಣ್ಣಿನ ಮ್ಯಾಲಿನ ಗಾಜಿನಂಥ ಪದರ ಅಲ್ಲಲ್ಲಿ ಕಿತ್ತೈತ್ರಿ. ಏನ್ ಹಾಕೀರಿ?"

ಅಕ್ಕ ಚೀಲದಿಂದ ಹಳದಿ ದಾರದ ಸೀಸೆ ತೆಗೆದು ಮೇಜಿನ ಮೇಲಿಟ್ಟಳು. "ಇದ್ನರಿ. ನೀವ್ ಹೇಳ್ದಂಗ, ಮೂರು ಹೊತ್ತು. ಒಂದ್ ಹೊತ್ತೂ ತಪ್ಪಿಸಿಲ್ರಿ."

"ಇದನ್ನ ನಿಲ್ಲಿಸ್ರಿ ಅಂತ ಬರ್ದು ಕೊಟ್ಟಿದ್ನೆಲ್ಲಮ್ಮ!" ಎಂದು ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಊತಕ್ಕೆ ಒಳ್ಳೆಯ ಔಷಧಿಯೇ ಅವಧಿ ಮೀರಿದರೆ ಗಾಯ ಮಾಯುವುದನ್ನು ತಡೆಯುತ್ತದೆ, ಶುಗರ್ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು, ಕೆಲವರ ಕಣ್ಣಿನ ಮೇಲ್ಪದರ ಕರಗಿ ತೂತು ಬಿದ್ದದ್ದೂ ಉಂಟು ಎಂದರು. ನಾವು ಬೇಗ ಬಂದಿದ್ದೆವು. ಆ ಔಷಧಿಯನ್ನು ಆಗಲೇ ನಿಲ್ಲಿಸಿ, ಕಣ್ಣು ತೇವವಾಗಿಡುವ ಬೇರೆ ಹನಿ ಬರೆದುಕೊಟ್ಟು, ಮೂರು ದಿನ ಬಿಟ್ಟು ತಪ್ಪದೆ ಬಂದು ತೋರಿಸಿರಿ ಎಂದರು.

ಅಕ್ಕ ಮನೆಗೆ ಬಂದು, ಹಳದಿ ದಾರದ ಸೀಸೆಯನ್ನು ಬಚ್ಚಲಿಗೆ ಸುರಿದು, ನನ್ನ ಎದುರು ಬಂದು ನಿಂತಳು.

"ನನಗ ಓದಾಕ ಬರಂಗಿಲ್ಲಂತ ಹಿಂಗ ಮಾಡಿದ್ಯಾ ರತ್ನಿ?"

ಇಡೀ ಜನ್ಮದಲ್ಲಿ ನನ್ನನ್ನು ಯಾರೂ ಅಷ್ಟು ಜೋರಾಗಿ ಹೊಡೆದಿಲ್ಲ. ಯಾರು ಶಾಲೆ ಬಿಟ್ಟದ್ದರಿಂದ ನಾನು ಓದಿದೆನೋ ಅವಳಿಗೇ ಚೀಟಿ ಹಿಡಿದು ಸುಳ್ಳು ಹೇಳಿದ್ದೆ. "ಅಲ್ಲಕ್ಕ. ನೀ ಹೊಂಟು ಹೊಕ್ಕೀಯಂತ..." ಎನ್ನುವಷ್ಟರಲ್ಲಿ ದನಿ ಒಡೆಯಿತು.

ಅವಳು ಬಂದು ನನ್ನ ಪಕ್ಕ ಕುಳಿತಳು. "ಇರು ಅಂತ ಒಂದ್ ಮಾತು ಅಂದಿದ್ರ ಇರ್ತಿದ್ದಿಲ್ಲೇನಲೇ? ನನ್ನ ಕೈಲೇನ ನಿನ್ನ ಕಣ್ಣು ಕೆಡಿಸಿಬಿಡ್ತಿದ್ದಿ. ಆಮ್ಯಾಲೆ ನಾನು ಬದುಕ್ಬೇಕಿತ್ತಾ?" ಎಂದಳು. "ಅಳಬ್ಯಾಡ ಈಗ. ಕಣ್ಣು ಉಜ್ಜಬ್ಯಾಡ."

ಹೊಸ ಹನಿ ಹಾಕಲು ಅವಳು ಇನ್ನೂ ನಾಲ್ಕು ದಿನ ಉಳಿದಳು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು, ರೆಪ್ಪೆ ಎಳೆದಳು, ಹನಿ ಹಾಕಿದಳು. ಕಥೆ ಮಾತ್ರ ಹೇಳಲಿಲ್ಲ. ಮೂರನೇ ದಿನ ಕಣ್ಣು ತೋರಿಸಿದೆವು, ಮಾಯುತ್ತಿದೆ ಎಂದರು. ನಾಲ್ಕನೇ ದಿನ ಕಂಪ್ಲಿ ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಚಾಚಿ ನನ್ನ ಕೆನ್ನೆ ಮುಟ್ಟಿ, "ಚೀಟಿ ಸರಿಯಾಗಿ ಓದು," ಎಂದಳು. ಆ ಮಾತಿನಲ್ಲಿ ಸಿಟ್ಟು ಎಷ್ಟಿತ್ತು, ನಗು ಎಷ್ಟಿತ್ತು, ನನಗೆ ಇವತ್ತಿಗೂ ಓದಲಾಗಿಲ್ಲ.

ಕಣ್ಣು ವಾಸಿಯಾಯಿತು. ಕಚೇರಿಗೆ ಮರಳಿದೆ. ಆದರೆ ಮಧ್ಯಾಹ್ನ ಔಷಧಿಯ ಹೊತ್ತಾದರೆ ಟೈಪು ಮಾಡುತ್ತಿದ್ದಂತೆಯೇ ಮುಖ ತಾನಾಗಿ ಮೇಲೆದ್ದು ಫ್ಯಾನು ನೋಡುತ್ತಿತ್ತು. ನಮ್ಮಂಥವರ ಮನೆಗಳಲ್ಲಿ ಯಾರೂ ಯಾರ ಮನೆಗೂ ಕಾರಣವಿಲ್ಲದೆ ಹೋಗುವುದಿಲ್ಲ. ಮದುವೆಯಾಗಬೇಕು, ಹೆರಿಗೆಯಾಗಬೇಕು, ಯಾರಾದರೂ ತೀರಿಕೊಳ್ಳಬೇಕು, ಕೊನೆಗೆ ಕಣ್ಣಿಗಾದರೂ ಏನೋ ಆಗಬೇಕು. ಪ್ರೀತಿಯೊಂದನ್ನು ಕಾರಣವೆಂದು ಹೇಳಲು ನಮಗೆ ನಾಚಿಕೆ. ಎರಡು ತಿಂಗಳು ಕಾರಣ ಹುಡುಕಿದೆ, ಸಿಗಲಿಲ್ಲ. ಒಂದು ಭಾನುವಾರ ಕಂಪ್ಲಿ ಬಸ್ಸು ಹತ್ತಿದೆ.

ಅಕ್ಕ ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ನನ್ನನ್ನು ಕಂಡು ಮೇವು ಕೈಯಲ್ಲೇ ಉಳಿಯಿತು.

"ಏನಾತಲೇ? ಕಣ್ಣಿಗೇನಾತು?"

"ಏನೂ ಆಗಿಲ್ಲ."

"ನಿನ್ನ ಗಂಡಗ?"

"ಚಲೋ ಅದಾರ."

"ಮಗಳು, ಕೂಸು?"

"ಎಲ್ಲಾರೂ ಚಲೋ ಅದಾರಕ್ಕ."

"ಮತ್ತ್ಯಾಕ ಬಂದಿ?"

"ಸುಮ್ಮನ ಬಂದೆ."

ಅವಳು ಕೈ ಒರೆಸಿಕೊಂಡು ಬಂದು, ನನ್ನ ಗದ್ದ ಹಿಡಿದು ಬಿಸಿಲಿನ ಕಡೆ ತಿರುಗಿಸಿ, ಎರಡೂ ಕಣ್ಣನ್ನು ಒಂದಾದ ಮೇಲೊಂದು ನೋಡಿದಳು. ಸುಳ್ಳು ಕಾಣಲಿಲ್ಲವೆಂದು ತೋರುತ್ತದೆ. ಒಳಗೆ ಅಡಿಗೆ ಮಾಡುತ್ತಿದ್ದ ಸೊಸೆಗೆ, ಇಡೀ ಓಣಿಗೆ ಕೇಳುವಂತೆ ಕೂಗಿ ಹೇಳಿದಳು:

"ಏ, ಇನ್ನೊಂದ್ ಪಾವು ಅಕ್ಕಿ ಹಾಕವ್ವಾ! ನನ್ನ ತಂಗಿ ಸುಮ್ಮನ ಬಂದಾಳ!"