ಬಾವನ ತೂಕದ ಮಿಷನ್ನು, ಸೊಸೆಯ ಮೂರೂವರೆ ಕಿಲೋ

ನಮ್ಮ ಬಾವ ವೆಂಕಟರವಣಪ್ಪನವರಷ್ಟು ತೂಕ ಬಲ್ಲವರು ಶಿಡ್ಲಘಟ್ಟದ ಸುತ್ತಮುತ್ತ ಇನ್ನೊಬ್ಬರಿರಲಿಲ್ಲ. ಇದು ನಾನು ಹೇಳುವ ಮಾತಲ್ಲ, ಅವರೇ ಹೇಳಿಕೊಳ್ಳುತ್ತಿದ್ದ ಮಾತು. ಅವರ ಬಗ್ಗೆ ಒಳ್ಳೆಯ ಮಾತು ಬೇಕಾದವರು ಅವರನ್ನೇ ಕೇಳಬೇಕಿತ್ತು, ಬೇರೆ ಯಾರ ಹತ್ತಿರವೂ ಸಿಗುತ್ತಿರಲಿಲ್ಲ. ನನ್ನ ಅಕ್ಕ ವರಲಕ್ಷ್ಮಮ್ಮನನ್ನು ಅವರಿಗೆ ಕೊಟ್ಟಿತ್ತು. ಆಮೇಲೆ ನನ್ನನ್ನೂ ಅದೇ ಊರಿಗೆ, ಅದೇ ಬೀದಿಗೆ ಕೊಟ್ಟರು. ಹಾಗಾಗಿ ಆ ಮಹಾನುಭಾವರ ದೊಡ್ಡಸ್ತಿಕೆಯನ್ನು ದಿನಾ ಬೆಳಗಾದರೆ ನೋಡುವ ಪುಣ್ಯ ನನ್ನದಾಯಿತು.

ಅವರಿಗೆ ಹಿಪ್ಪುನೇರಳೆ ತೋಟವಿತ್ತು, ಹುಳ ಸಾಕುವ ಮನೆಯಿತ್ತು. ರೇಷ್ಮೆಗೂಡು ಬಿಡಿಸಿದ ಕೂಡಲೇ ಗಾಡಿ ಕಟ್ಟಿಸಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಓಡುವರು. "ಬೆಳಗಿನ ಗೂಡು ಬೇರೆ, ಸಂಜೆ ಗೂಡು ಬೇರೆ ಕಣಯ್ಯಾ. ಒಳಗಿರೋ ನೀರು ಆರ್ತದೆ, ತೂಕ ಇಳೀತದೆ. ಗೂಡೇನೂ ಕೆಟ್ಟಿರಲ್ಲ" ಎಂದು ಎಳೆಯ ರೈತರಿಗೆ ಪಾಠ ಹೇಳುವರು. ಗೂಡು ತೂಗುವಾಗ ಬರೀ ಬುಟ್ಟಿಯ ತೂಕವೆಂದು ಒಂದು ಗುಲಗಂಜಿ ಹೆಚ್ಚು ಕಳೆದರೂ ಮಾರುಕಟ್ಟೆಯೇ ಹಾರಿಹೋಗುವಂತೆ ಕೂಗಾಡುವರು. ತಕ್ಕಡಿ ನಿಲ್ಲಿಸಿದ ನೆಲ ಸಮವಾಗಿದೆಯೇ ಎಂದು ಬಗ್ಗಿ ನೋಡುವರು. ಗೂಡಿನ ವಿಷಯದಲ್ಲಿ ಇಷ್ಟೆಲ್ಲ ಬುದ್ಧಿ. ಮನೆಗೆ ಬರುವಾಗ ಅದನ್ನು ಮಾರುಕಟ್ಟೆಯಲ್ಲೇ ಬಿಟ್ಟು ಬರುತ್ತಿದ್ದರೋ ಏನೋ, ಆ ದೇವರಿಗೇ ಗೊತ್ತು.

ಸೇರು ಮಣ ಹೋಗಿ ಕಿಲೋ ಬಂದ ಹೊಸದು. ಬಾವ ಬೆಂಗಳೂರಿಗೆ ಹೋಗಿ ಮನುಷ್ಯರು ಹತ್ತಿ ನಿಲ್ಲುವಂಥ ತೂಕದ ಮಿಷನ್ನು ತಂದರು. ಗೂಡು ತೂಗಲು ತಂದದ್ದೆಂದು ಹೆಸರು. ತೂಗಿದ್ದು ಮಾತ್ರ ಬಂದುಹೋದವರನ್ನು. ನೆಂಟರು ಬಂದರೆ ನೀರು ಕೊಡುವ ಮೊದಲೇ "ಹತ್ತಿ ಹತ್ತಿ" ಎನ್ನುವರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮ ಬಾವ ಹಗಲಲ್ಲೇ ಹಿಡಿದರು.

ಆ ವರ್ಷವೇ ಅವರ ಮಗ ರಾಮಾಂಜಿಗೆ ನಗರಗೆರೆಯ ಕೋನಪ್ಪನವರ ಮಗಳು ಆದಿಲಕ್ಷ್ಮಿಯನ್ನು ತಂದರು. ಚಿನ್ನದಂಥ ಹುಡುಗಿ. ಸೊಪ್ಪಿನ ಹೊರೆಯನ್ನು ಗಂಡಸರ ಸಮಕ್ಕೆ ಹೊರುವಳು, ಎರಡು ಮುದ್ದೆ ಉಂಡು ಮೂರನೆಯದರತ್ತ ನೋಡುವಳು. ಮನೆ ತುಂಬಿಸಿಕೊಂಡ ದಿನ, ಒಬ್ಬಟ್ಟಿನ ಊಟ ಮುಗಿದ ಮೇಲೆ, ಬಾವ ಅವಳನ್ನು ಮಿಷನ್ನಿನ ಮೇಲೆ ನಿಲ್ಲಿಸಿದರು. ಮೈಮೇಲೆ ಜರಿ ಸೀರೆ, ಸೊಂಟಕ್ಕೆ ಬೆಳ್ಳಿ ಡಾಬು, ಕಾಲಿಗೆ ಕಡಗ, ಕೈತುಂಬ ಬಳೆ, ಜಡೆ ತುಂಬ ಹೂವು. ಐವತ್ತೆರಡು ಕಿಲೋ. "ನೋಡ್ರಪ್ಪಾ, ನಮ್ಮ ಸೊಸೆ!" ಎಂದು ಚಪ್ಪರದವರಿಗೆಲ್ಲ ಕೇಳುವಂತೆ ಸಾರಿದರು.

ತಿಂಗಳು ಕಳೆದು ಮತ್ತೆ ತೂಗಿದರು. ಹಿಂದಿನ ದಿನ ಅವಳು ಶಿವರಾತ್ರಿ ಉಪವಾಸವಿದ್ದಳು. ಬೆಳಗ್ಗೆ ಎದ್ದು ಹೊರಕಡೆ ಹೋಗಿಬಂದು, ಮಿಂದು, ಹಳೆಯ ನೂಲಿನ ಸೀರೆ ಉಟ್ಟಿದ್ದಳು. ಒಡವೆಯೆಲ್ಲ ಪೆಟ್ಟಿಗೆಯಲ್ಲಿತ್ತು. ಮಿಷನ್ನೂ ನಡುಮನೆಯ ಕಲ್ಲುಚಪ್ಪಡಿಯಿಂದ ಹುಳದ ಮನೆಯ ಮಣ್ಣಿನ ನೆಲಕ್ಕೆ ಹೋಗಿತ್ತು. ನಲವತ್ತೆಂಟೂವರೆ ತೋರಿಸಿತು. ಬಾವನ ಮುಖ ಹುಳಿ ಹಿಂಡಿದ ಹಾಲಿನಂತಾಯಿತು.

"ಮೂರೂವರೆ ಕಿಲೋ! ತಿನ್ನೋದು ಹಂಗೆ ತಿಂತಾಳೆ, ಮೈ ಹಿಂಗೆ ಕರಗ್ತದೆ. ಇದು ಕ್ಷಯ ಕಣೇ."

"ಏನ್ ಮಾತೂಂತ ಆಡ್ತೀರಿ? ಕೆಮ್ಮಿಲ್ಲ, ಜ್ವರ ಇಲ್ಲ, ಕ್ಷಯ ಎಲ್ಲಿಂದ ಬಂತು?" ಎಂದಳು ಅಕ್ಕ.

"ಮಿಷನ್ ಸುಳ್ಳು ಹೇಳ್ತದಾ? ನಿಂಗೇನ್ ಗೊತ್ತು ತೂಕದ ವಿಷಯ!"

ಗೂಡಿನ ಬುಟ್ಟಿಯ ತೂಕ ಕಳೆಯುವ ಗಂಡಸಿಗೆ ಸೊಸೆಯ ಡಾಬಿನ ತೂಕ ಕಳೆಯಬೇಕೆಂದು ಹೊಳೆಯಲಿಲ್ಲ. ಬಾಯಿ ಮುಚ್ಚಿಕೊಂಡಾದರೂ ಇದ್ದರೇ? ಚಾ ಅಂಗಡಿಯಲ್ಲಿ ಹೇಳಿದರು, ಬಸ್ಸು ನಿಲ್ಲುವಲ್ಲಿ ಹೇಳಿದರು. ಮಗಳನ್ನು ಕರೆದುಕೊಂಡು ಹೋಗಿ ಎಂದು ಕೋನಪ್ಪನವರಿಗೆ ಹೇಳಿಕಳಿಸಿದರು. ಮಗನಿಗೆ ಬೇರೆ ಹೆಣ್ಣು ನೋಡುವ ಮಾತೂ ಬಾಯಿಂದ ಬಿತ್ತು. ರಾಮಾಂಜಿಯೋ, ಅಪ್ಪ ಹೇಳಿದ್ದಕ್ಕೆ ತಲೆಯಾಡಿಸುವುದನ್ನು ಬಿಟ್ಟು ತಲೆಗೆ ಬೇರೆ ಕೆಲಸವಿದೆಯೆಂದು ತಿಳಿಯದ ಹುಡುಗ.

ಇಂಥ ಮಾತಿಗೆ ಕಾಲಿಲ್ಲದಿದ್ದರೂ ನಗರಗೆರೆ ದೂರವಾಗಲಿಲ್ಲ. ಆದಿಲಕ್ಷ್ಮಿಯ ತಂಗಿಗೆ ಗೌರಿಬಿದನೂರಿನ ಕಡೆ ಗಂಡು ಗೊತ್ತಾಗಿತ್ತು, ವೀಳ್ಯ ಬದಲಾಯಿಸುವುದೊಂದೇ ಬಾಕಿ. ಆ ಮನೆಯವರು "ಅಕ್ಕನಿಗೆ ಕ್ಷಯ ಅಂತೆ, ಸ್ವಲ್ಪ ತಡೀರಿ" ಎಂದುಬಿಟ್ಟರು. ಒಬ್ಬಳನ್ನು ತೂಗಿ ಇಬ್ಬರ ಬಾಳಿಗೆ ಮಣ್ಣು ಹಾಕಿದ್ದಾಯಿತು. ಆದಿಲಕ್ಷ್ಮಿ ಹಿತ್ತಲಲ್ಲಿ ನನ್ನ ಕೈ ಹಿಡಿದುಕೊಂಡು, "ಚಿಕ್ಕತ್ತೆ, ನಾನ್ ಹೋದ್ರೆ ಹೋಗ್ಲಿ, ನನ್ ತಂಗಿ ಏನ್ ಮಾಡಿದ್ಳು?" ಎಂದು ಅತ್ತಳು. ನಾನು ನೇರ ಅಕ್ಕನ ಹತ್ತಿರ ಹೋದೆ, ಇಬ್ಬರೂ ಸೇರಿ ಒಂದು ಉಪಾಯ ಹೂಡಿದೆವು.

ನಾದಿನಿಗೆ ಬಾವನನ್ನು ಆಡಿಸುವ ಹಕ್ಕಿದೆ. ಅಕ್ಕ ಅವತ್ತು ಅವರೆಕಾಳಿನ ಸಾರು ಮಾಡಿ, ಬಾವನಿಗೆ ಕಂಠಮಟ್ಟ ಬಡಿಸಿ, ಮೇಲೆ ಎರಡು ಚೆಂಬು ಮಜ್ಜಿಗೆ ಕುಡಿಸಿದಳು. ಹೊತ್ತು ಮುಳುಗುವ ಮುಂಚೆ ನಾನು ಹೋದೆ.

"ಬಾವಾ, ಎಲ್ಲಾರ್ನೂ ತೂಗ್ತೀರಲ್ಲ, ನಿಮ್ಮ ತೂಕ ಎಷ್ಟು? ಮೈಯಲ್ಲೂ ತೂಕ ಅದೆಯೋ, ಬರೀ ಮಾತಲ್ಲೋ?"

"ಏನಮ್ಮಾ ಅಮ್ಮಾಜಿ, ನನ್ನನ್ನೇ ಪರೀಕ್ಷೆ ಮಾಡ್ತೀಯಾ? ನೋಡು!" ಎಂದು ಎಕ್ಕಡ ಮೆಟ್ಟಿಕೊಂಡೇ, ಹೆಗಲ ಕಂಬಳಿ, ಸೊಂಟದ ಬೀಗದಕೈ ಗೊಂಚಲು ಸಮೇತ ಹತ್ತಿದರು. ಎಪ್ಪತ್ತೊಂದು. ಮೀಸೆ ತಿರುವಿದರು.

ಬೆಳಗ್ಗೆ ಅವರು ಕೆರೆ ಕಡೆ ಹೋಗಿಬಂದು ಸ್ನಾನ ಮಾಡಿದ್ದೇ ತಡ, ನಾನು ಹಾಜರು. "ಇನ್ನೊಂದು ಸಲ ಹತ್ತಿ ಬಾವಾ, ನಮ್ಮವರು ನಂಬಲಿಲ್ಲ." ಬರೀ ಪಂಚೆಯಲ್ಲಿ ಹತ್ತಿದರು. ಅರವತ್ತೇಳೂವರೆ.

"ಅಯ್ಯೋ ರಾಮ! ಇದೂ ಮೂರೂವರೆ! ಸೊಸೆಗೆ ತಿಂಗಳಾಯ್ತು, ನಿಮಗೆ ಒಂದೇ ರಾತ್ರಿ. ಬಾವಾ, ನಿಮಗಿರೋದು ಎಂಥ ಕ್ಷಯ?" ಎಂದೆ.

ಇದು ತಮಾಷೆ ಎಂದು ತಿಳಿಯುವಷ್ಟು ಬುದ್ಧಿ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮುಖ ಬಿಳಿಚಿಕೊಂಡಿತು. ಎದೆ ಮುಟ್ಟಿ ನೋಡಿಕೊಂಡರು, ಇಲ್ಲದ ಕೆಮ್ಮನ್ನು ಕೆಮ್ಮಿ ನೋಡಿದರು. ಅನ್ನ ಮುಟ್ಟದೆ ರಾಮಾಂಜಿಯನ್ನು ಎಳೆದುಕೊಂಡು ಬಸ್ಸು ಹತ್ತಿ ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಓಡಿದರು. ಸೊಸೆಯ ತೂಕ ಇಳಿದಾಗ ಡಾಕ್ಟರು ಬೇಕಾಗಿರಲಿಲ್ಲ, ಅವಳಪ್ಪನ ಗಾಡಿ ಸಾಕಾಗಿತ್ತು. ತಮ್ಮ ಪ್ರಾಣಕ್ಕೆ ಬಂದಾಗ ಬಸ್ಸು ಬೇಕಾಯಿತು. ಥೂ!

ಅಲ್ಲಿ ನಡೆದದ್ದನ್ನು ರಾಮಾಂಜಿಯೇ ನನಗೆ ಹೇಳಿದ. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಎಲ್ಲ ಕೇಳಿಕೊಂಡು, ನಕ್ಕರಂತೆ.

"ನಿನ್ನೆ ಉಂಡಿದ್ದು, ಕುಡಿದಿದ್ದು ಹೊಟ್ಟೇಲಿತ್ತು, ಅದೂ ತೂಗ್ತು. ಬೆಳಗ್ಗೆ ಹೊರಕ್ಕೆ ಹೋಯ್ತು. ರಾತ್ರಿ ಬೆವರಲ್ಲಿ, ಉಸಿರಲ್ಲಿ ನೀರು ಹೋಯ್ತು. ಕಂಬಳಿ, ಎಕ್ಕಡ, ಬೀಗದಕೈ ನಿಮ್ಮ ಮೈಯಲ್ಲ ಯಜಮಾನ್ರೇ. ಉಪ್ಪಿನಕಾಯಿ ಜಾಸ್ತಿ ತಿಂದ್ರೆ ನೀರು ನಿಂತು ತೂಕ ಏರ್ತದೆ, ಉಪವಾಸ ಮಾಡಿದ್ರೆ ಇಳೀತದೆ. ಹೆಂಗಸರಿಗೆ ತಿಂಗಳ ದಿನಗಳಲ್ಲಿ ಏರಿ ಇಳಿಯೋದು ಸಹಜ. ದಿನಕ್ಕೆ ಒಂದೆರಡು ಕಿಲೋ ಹಿಂದೆ ಮುಂದೆ ಆದ್ರೆ ಅದು ರೋಗ ಅಲ್ಲ."

"ಮತ್ತೆ ತೂಗೋದು ಹೆಂಗೆ ಸ್ವಾಮಿ?" ಎಂದರಂತೆ ಬಾವ. ತೂಕದಲ್ಲಿ ಪಂಡಿತರಲ್ಲವೇ!

"ವಾರಕ್ಕೊಂದು ಸಲ ಸಾಕು. ಬೆಳಗ್ಗೆ ಎದ್ದು ಹೊರಕಡೆ ಹೋಗಿಬಂದು, ಏನೂ ತಿನ್ನೋಕೆ ಮುಂಚೆ. ಅದೇ ಹೊತ್ತು, ಅದೇ ತೆಳು ಬಟ್ಟೆ, ಅದೇ ಮಿಷನ್ನು, ಗಟ್ಟಿಯಾದ ಸಮ ನೆಲದ ಮೇಲೆ. ಇವತ್ತಿಗೂ ನಾಳೆಗೂ ಹೋಲಿಸಬೇಡಿ, ತಿಂಗಳುಗಟ್ಟಲೆ ಒಂದೇ ಸಮನೆ ಇಳೀತಾ ಇದ್ರೆ, ಜೊತೆಗೆ ಜ್ವರ ಕೆಮ್ಮು ಇದ್ರೆ, ಆಗ ಬನ್ನಿ. ನೀವು ರೇಷ್ಮೆ ಕಡೆಯವರು, ನಿಮಗೆ ಇದನ್ನ ನಾನು ಹೇಳ್ಬೇಕಾ?"

ಬಾವ ಊರಿಗೆ ಬಂದಾಗ ಮನೆಮುಂದೆ ಕೋನಪ್ಪನವರ ಗಾಡಿ ನಿಂತಿತ್ತು. ಆದಿಲಕ್ಷ್ಮಿ ಪೆಟ್ಟಿಗೆಯೊಂದಿಗೆ ಹತ್ತಿ ಕುಳಿತಿದ್ದಳು. ಹೆಣ್ಣು ಹೆತ್ತವರಲ್ಲವೇ, ಕೋನಪ್ಪನವರು ತಲೆ ತಗ್ಗಿಸಿ ನಿಂತಿದ್ದರು. ಬೀದಿಯವರೆಲ್ಲ ಸೇರಿದ್ದರು, ಬಿಟ್ಟಿ ನಾಟಕ ಯಾರಿಗೆ ಬೇಡ?

ಬಾವ ಗಂಟಲು ಸರಿಮಾಡಿಕೊಂಡರು. "ಬೀಗ್ರೇ, ಮಗಳನ್ನ ಇಳಿಸಿ. ಆ ಮಿಷನ್ ಸರಿಯಿಲ್ಲ. ಬೆಂಗಳೂರಿನೋನು ಮೋಸ ಮಾಡ್ದ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಆದಿಲಕ್ಷ್ಮಿ ಗಾಡಿಯಿಂದ ಅಲುಗಲಿಲ್ಲ. ಕೂತಲ್ಲಿಂದಲೇ ಹೇಳಿದಳು. "ಮಿಷನ್ನಿಗೆ ಬಾಯಿಲ್ಲ ಮಾವ. ಕ್ಷಯ ಅಂತ ಅಂದಿದ್ದು ನೀವು. ಊರವರ ಮುಂದೆ ಅಂದ್ರಿ, ಅವರ ಮುಂದೇನೇ ಇಲ್ಲಾ ಅನ್ನಿ. ನನ್ ತಂಗಿಗೋಸ್ಕರ ಕೇಳ್ತಿದೀನಿ."

"ಅಂದೆನಲ್ಲಮ್ಮಾ, ಮಿಷನ್..."

ಅಷ್ಟರಲ್ಲಿ ಅಕ್ಕ ಒಳಗಿನಿಂದ ಒಂದು ಗಂಟು ಹಿಡಿದು ಬಂದಳು. ಯಾರನ್ನೂ ನೋಡದೆ ಗಾಡಿ ಹತ್ತಿ ಸೊಸೆಯ ಪಕ್ಕ ಕುಳಿತಳು. "ಗಾಡಿ ಹೊಡೀರಿ ಅಣ್ಣಾ. ಈ ಮನೇಲಿ ನನ್ ತೂಕಾನೂ ಬೇಕಾದಷ್ಟು ಇಳಿದದೆ. ಇವರ ಲೆಕ್ಕದಲ್ಲಿ ನಾನೂ ರೋಗದೋಳೇ."

 ಅಕ್ಕ ಮದುವೆಯಾದಾಗಿನಿಂದ ಊರವರ ಮುಂದೆ ಬಾವನಿಗೆ ಎದುರಾಡಿದವಳಲ್ಲ. ಗಾಡಿಯವನು ಎತ್ತುಗಳನ್ನು ಹೊಡೆದ. ಆಗ ಬಾವ ಓಡಿ ನೊಗ ಹಿಡಿದುಕೊಂಡರು.

"ನನ್ ಸೊಸೆಗೆ ಏನೂ ಇಲ್ಲ!" ಎಂದು ಕೂಗಿದರು. "ಕೇಳ್ಸಿತೇನ್ರಪ್ಪಾ, ಕ್ಷಯಾನೂ ಇಲ್ಲ, ಗಿಯಾನೂ ಇಲ್ಲ. ಮಿಷನ್ ಸರಿಯಾಗೇ ಅದೆ. ನನಗೇ ತೂಗೋಕ್ ಬರ್ಲಿಲ್ಲ!"

ತೂಗೋಕೆ ಬರಲಿಲ್ಲ! ಇದೇ ಬಾಯಿಂದ! ನನಗೆ ಎದೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ. ಆದಿಲಕ್ಷ್ಮಿ ಕಣ್ಣೊರೆಸಿಕೊಂಡು ಇಳಿದು ಒಳಗೆ ಹೋದಳು. ರಾಮಾಂಜಿ, ಯಾರೂ ಹೇಳದೆಯೇ, ಅವಳ ಪೆಟ್ಟಿಗೆ ಹೊತ್ತುಕೊಂಡು ಹಿಂದೆ ಹೋದ.

ಅಕ್ಕ ಮಾತ್ರ ಇಳಿಯಲಿಲ್ಲ.

"ಇನ್ನೇನೇ? ಹೇಳಿದ್ನಲ್ಲ!" ಎಂದರು ಬಾವ.

"ಇಲ್ಲಿ ಹೇಳಿದ್ರಿ. ಗೌರಿಬಿದನೂರಿನ ಆ ಗಂಡಿನ ಮನೆಯವರಿಗೆ ಯಾರು ಹೇಳ್ತಾರೆ? ನಾನ್ ಹೋಗಿ ಹೇಳಿಬರ್ತೀನಿ."

"ನೀನ್ಯಾಕೆ? ನಾಳೆ ನಾನೇ ಹೋಗ್ತೀನಿ."

"ಬೇಡಿ," ಎಂದಳು ಅಕ್ಕ. "ನಿಮ್ ಮಾತನ್ನ ಇನ್ ಯಾರು ನಂಬ್ತಾರೆ?"

ಗಾಡಿ ಹೊರಟಿತು.