ಕೊಣಮಿಗೆ ಕೊಳ್ಳಲು ಬಂದವಳು

ಒರಳುಕಲ್ಲಿನೊಳಗೆ ಮೂಗು ತೂರಿಸಿ ವಾಸನೆ ನೋಡಿದ ಕಿರಂಗೂರಿನ ಗೌಡ ತಲೆಯೆತ್ತಿ ನನ್ನನ್ನೇ ದಿಟ್ಟಿಸಿದ.

"ಈ ಮನೇಲಿ ಸಿಡುಬು ಗಿಡುಬು ಏನಾರ ಬಂದಿತ್ತಾ? ಇಷ್ಟು ಅಗ್ಗಕ್ಕೆ ಯಾಕ್ಲಾ ಕೊಡ್ತಿದ್ದೀಯ?"

ಬೇಗ ಮಾರಿಹೋಗಲಿ ಎಂದು ಕಡಿಮೆ ಹೇಳಿದ್ದೇ ತಪ್ಪಾಯಿತು. ಬೆಲೆ ಏರಿಸಿದೆ. ಆಮೇಲೆ ನಂಬಿದ... ಒರಳನ್ನು ಗಾಡಿಗೆ ಹಾಕಿಕೊಂಡು ಹೋದ.

ನಾನು ಶ್ರೀರಂಗಪಟ್ಟಣದವನಲ್ಲ. ನನ್ನೂರು ತುಂಗಭದ್ರೆಯಾಚೆ, ಧಾರವಾಡದ ಹತ್ತಿರ. ಅದು ಬೇರೆ ರಾಜ್ಯ, ಮರಾಠರ ಸೀಮೆ.

ಒಂದೆಡೆ ಕಾಲು ನಿಲ್ಲದೆ ಅಲೆಯುತ್ತಾ ಬಂದವನು, ಇಲ್ಲಿಯ ಗಂಜಾಂ ಪೇಟೆಯಲ್ಲಿ ಸುಲ್ತಾನರ ಕಾರ್ಖಾನೆಗೆ ಗಾಡಿಚಕ್ರ ಮಾಡುವ ಬಡಗಿಯಾಗಿ ಉಳಿದುಬಿಟ್ಟಿದ್ದೆ. ನಮ್ಮ ಸೀಮೆಯ ದಂಡು ಬಂದುಹೋದದ್ದನ್ನು ಇಲ್ಲಿಯ ಜನ ಮರೆತಿರಲಿಲ್ಲ. ಹಾಗಾಗಿ ಯಾರು ಕೇಳಿದರೂ ಬೆಂಗಳೂರಿನ ಕಡೆಯವನು ಅನ್ನುತ್ತಿದ್ದೆ. ಮಾತನ್ನೂ ಇವರ ಹಾಗೇ ಕಲಿತಿದ್ದೆ.

ಈಗ ಮತ್ತೆ ಯುದ್ಧದ ಸುದ್ದಿ. ಕೋಟೆಗೆ ಕಲ್ಲು ಮಣ್ಣು ಹೊರಿಸುತ್ತಿದ್ದರು.

ಕಾರ್ಖಾನೆಯವರು ಊರು ಬಿಡಬೇಕಾದರೆ ರಹದಾರಿ ಚೀಟಿ ಬೇಕು. ಚೀಟಿ ಕೇಳಿದರೆ ಹುಟ್ಟಿದೂರು ಹೇಳಬೇಕು. ಹುಟ್ಟಿದೂರು ಹೇಳಿದರೆ ಬೇಹಿನವನೆಂದು ಸೆರೆಮನೆಯೇ ಗತಿ.

ಚೀಟಿಯಿಲ್ಲದೇ ಹೊರಡುವುದೆಂದು ತೀರ್ಮಾನಿಸಿದೆ. ಆದರೆ ದಾರಿಖರ್ಚಿಗೆ ಸಾಮಾನು ಮಾರಲೇಬೇಕು. ಮಾರಿದರೆ ಇವನು ಊರು ಬಿಡುತ್ತಿದ್ದಾನೆಂದು ಎಲ್ಲರಿಗೂ ತಿಳಿಯುತ್ತದೆ...

ಅದಕ್ಕೊಂದು ಸುಳ್ಳು ಹೊಂದಿಸಿದೆ. ನನಗೆ ಮದುವೆ, ಹೆಣ್ಣಿನ ಕಡೆಯವರು ಹೊಸ ಪಾತ್ರೆ ಪಡಗ ಕೊಡುತ್ತಾರೆ, ಹಳೆಯದು ಬೇಡ. ಹೆಣ್ಣು ಅಕ್ಕಿಹೆಬ್ಬಾಳಿನದು ಎಂದೆ. ಅಕ್ಕಿಹೆಬ್ಬಾಳಿಗೂ ನನ್ನೂರಿಗೂ ಹೋಗುವ ಅತ್ತಿಕುಪ್ಪೆಯ ದಾರಿಯಲ್ಲಿ ಯಾರಾದರೂ ನನ್ನನ್ನು ಕಂಡರೂ ಮದುವೆಗೆ ಹೊರಟಿದ್ದಾನೆ ಅಂದುಕೊಳ್ಳಲಿ ಎಂದು.

ಪಕ್ಕದ ಮನೆಯ ಕೆಂಪವ್ವ ಓಡಿ ಬಂದಳು.

"ಅಕ್ಕಿಹೆಬ್ಬಾಳಾ? ಅಯ್ಯೋ, ನಮ್ಮ ದೊಡ್ಡವ್ವನ ಮನೆ ಅಲ್ಲೇ ಕಣ್ಲಾ! ಯಾರ್ ಮಗ್ಳು, ಯೋಳು?"

"ಬಡಗಿ ಮನೆಯೋರ ಎಣ್ಣು ಕಣವ್ವ."

"ಅಲ್ಲಿರಾದೇ ಒಂದು ಬಡಗಿ ಮನೆ. ಅವ್ರಿಗೆ ಉಟ್ಟಿದ್ದೆಲ್ಲಾ ಗಂಡೇ! ಗಂಡ್ನೇ ಮದ್ವೆ ಆಯ್ತೀಯೇನ್ಲಾ?"

"ಅವ್ರ ತಂಗಿ ಮಗ್ಳು..." ಅಂದೆ.

ಕೆಂಪವ್ವ "ಊಂ..." ಎಂದು ಎಳೆದಳು. ಆಮೇಲೆ ಅವಳು ತನ್ನ ಜಗಲಿ ಬಿಟ್ಟು ಕದಲಲಿಲ್ಲ. ಬಂದವರನ್ನೆಲ್ಲ ನೋಡುತ್ತಾ ಕೂತಳು.

ಎಲ್ಲಾ ಹೋಯಿತು. ಉಳಿದದ್ದು ಕೊಣಮಿಗೆ ಮಾತ್ರ. ನಮ್ಮ ಕಡೆ ಜೋಳದ ರೊಟ್ಟಿ ಬಡಿಯುವ ಅಗಲವಾದ ಮರದ ಹರಿವಾಣ ಅದು, ನಾನೇ ಕೆತ್ತಿಕೊಂಡಿದ್ದು. ರಾಗಿಮುದ್ದೆಯ ಊರಿನಲ್ಲಿ ಅದು ಯಾರಿಗೆ ಬೇಕು?

"ಮಗೀಗೆ ನೀರು ಉಯ್ಯಾಕೆ ಈಗ್ಲೇ ಮಾಡಿಟ್ಕಂಡಿದ್ದೀಯಾ?" ಎಂದು ಕೆಂಪವ್ವ ನಕ್ಕಳು.

ಸಂಜೆ ಒಬ್ಬ ನಡುವಯಸ್ಸಿನ ಹೆಂಗಸು ಬಂದಳು. ಹಿರೋಡೆಯವಳಂತೆ. ಬೆಲೆ ಕೇಳಲಿಲ್ಲ, ಚೌಕಾಸಿ ಮಾಡಲಿಲ್ಲ. ನೇರ ಕೊಣಮಿಗೆಯ ಹತ್ತಿರ ಹೋದಳು.

ಅದನ್ನು ನೆಲಕ್ಕಿಟ್ಟು, ಒಂದು ಮೊಣಕಾಲು ಮಡಚಿ ಕೂತಳು. ಅವಳ ಬಲಗೈ ತಾನಾಗಿಯೇ ಬರೀ ಮರದ ಮೇಲೆ ಪಟಪಟ ಬಡಿಯಿತು. ಎಡಗೈ ಬೆರಳುಗಳು ಇಲ್ಲದ ರೊಟ್ಟಿಯನ್ನು ಮೆಲ್ಲಗೆ ತಿರುಗಿಸುತ್ತಿದ್ದವು.

ಆ ಕೈ ಹಿರೋಡೆಯದಲ್ಲ. ನಮ್ಮ ಕಡೆಯದು.

ನಾನು ನೋಡುತ್ತಿರುವುದು ಅವಳ ಕಣ್ಣಿಗೆ ಬಿತ್ತು. ಕೈ ತಟ್ಟನೆ ಸೆರಗಿನೊಳಗೆ ಹೋಯಿತು.

"ಅದ್ಯಾಕವ್ವ ನಿಂಗೆ?" ಕೆಂಪವ್ವ ಜಗಲಿಯಿಂದಲೇ ಕೂಗಿದಳು.

"ಕರುಗೆ ಬೂಸ ಕಲ್ಸಾಕೆ ಕಣಕ್ಕ," ಅಂದಳು ಇವಳು.

ನನ್ನ ಮದುಮಗಳು ಎಷ್ಟು ನಿಜವೋ ಅವಳ ಕರುವೂ ಅಷ್ಟೇ ನಿಜ.

ಇವಳು ಯಾರು? ನನ್ನ ಹಾಗೇ ಊರು ಮುಚ್ಚಿಟ್ಟು ಬದುಕುತ್ತಿರುವವಳೇ? ಇಲ್ಲಾ, ನಮ್ಮ ಸೀಮೆಯವರನ್ನು ಹುಡುಕಿ ಹಿಡಿಸಲು ಯಾರೋ ಕಳಿಸಿದವಳೇ? ಇಂಥ ಸಾಮಾನು ಮಾರಲು ಇಟ್ಟವನು ತನ್ನ ಊರನ್ನು ತಾನೇ ಸಾರಿದ ಹಾಗೆ ಎಂಬುದು ನನಗೆ ಹೊಳೆದದ್ದೇ ಆಗ.

"ಜೋಳದ ಇಟ್ಟು ಏನಾರ ಮಿಕ್ಕದಾ?" ಎಂದು ಪಿಸುಗುಟ್ಟಿದಳು.

ಮಡಕೆಯ ತಳದಲ್ಲಿದ್ದದ್ದನ್ನು ಸುರಿದೆ. ಸೆರಗಿನಲ್ಲಿ ಕಟ್ಟಿಕೊಂಡಳು. ಬೆರಳಿಗೆ ಅಂಟಿದ ಹಸಿ ಹಿಟ್ಟನ್ನು ನೆಕ್ಕಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು.

ಹಿಡಿಸಲು ಬಂದವಳಿಗೆ ಹಿಟ್ಟು ಯಾಕೆ ಎಂದು ಸಮಾಧಾನ. ಜಾಣೆಯಾದರೆ ಹಿಟ್ಟನ್ನೂ ಕೇಳುತ್ತಾಳೆ ಎಂದು ಮರುಗಳಿಗೆಯೇ ಅನುಮಾನ.

ಕಾಸು ಕೊಟ್ಟು, ಕೊಣಮಿಗೆ ತಲೆಯ ಮೇಲಿಟ್ಟುಕೊಂಡು, ಕೆಂಪವ್ವನಿಗೆ ಕೇಳಿಸದ ಹಾಗೆ ಅಂದಳು.

"ಅತ್ತಿಕುಪ್ಪೆ ದಾರೀಲಿ ಓಗ್ಬ್ಯಾಡ ಕಣಪ್ಪ. ಅಲ್ಲಿ ಒಳೆ ದಾಟೋ ತಾವ ಚೀಟಿ ಕೇಳ್ತಾವ್ರೆ. ಇರೋಡೆ ಆದ್ಮೇಲೆ ನಾಗಮಂಗ್ಲದ ಕಡೀಕೆ ತಿರೀಕೊ. ಅಲ್ಲಿ ಕಾವ್ಲಿಲ್ಲ."

ಅಕ್ಕಿಹೆಬ್ಬಾಳಿಗೆ ಮದುವೆಗೆ ಹೋಗುವವನಿಗೆ ನಾಗಮಂಗಲದ ದಾರಿ ಯಾಕೆ? ನಾನು ನಿಜಕ್ಕೂ ಎಲ್ಲಿಗೆ ಹೊರಟವನೆಂದು ಇವಳಿಗೆ ಗೊತ್ತಾಗಿಬಿಟ್ಟಿದೆ!

ಮರುದಿನ ದನ ಬಿಡುವ ಹೊತ್ತಿಗೆ ಹೊರಟೆ. ಕೆಂಪವ್ವ ಎಲೆಅಡಿಕೆ ಕೊಟ್ಟಳು.

"ಎಣ್ಣು ಕರ್ಕಂಡ್ ಬಂದು ತೋರ್ಸ್ಲಾ. ನೋಡ್ದೆ ನಾನಂತೂ ನಂಬಾಕಿಲ್ಲ."

ಹಿರೋಡೆಯಾಚೆ ದಾರಿ ಕವಲೊಡೆಯುತ್ತದೆ. ಅಲ್ಲಿ ನಿಂತೆ. ಎಡಕ್ಕೆ ಅತ್ತಿಕುಪ್ಪೆ, ಬಲಕ್ಕೆ ನಾಗಮಂಗಲ. ಅವಳು ಹೇಳಿದ್ದು ಸುಳ್ಳಾದರೆ ಬಲಗಡೆಯಲ್ಲೇ ನನಗಾಗಿ ಕಾಯುತ್ತಿರುತ್ತಾರೆ.

ಎಡದಾರಿಯಿಂದ ಒಂದು ಎತ್ತಿನ ಗಾಡಿ ಬಂತು. ಆ ಕಡೆ ಕಾವಲಿದೆಯೇ ಎಂದು ಕೇಳಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಅಂಥ ಪ್ರಶ್ನೆ ಕೇಳುವವನನ್ನು ಯಾರು ತಾನೇ ನಂಬುತ್ತಾರೆ?

ಕಡೆಗೆ ಕಣ್ಣ ಮುಂದೆ ಬಂದದ್ದು ಹಸಿ ಹಿಟ್ಟು ನೆಕ್ಕಿ ಕಣ್ಣು ಮುಚ್ಚಿದ ಆ ಮುಖ. ಅಷ್ಟು ಚೆನ್ನಾಗಿ ಯಾರೂ ಸುಳ್ಳು ಹೇಳಲಾರರು ಅನ್ನಿಸಿತು. ಬಲಕ್ಕೆ ತಿರುಗಿದೆ.

ಪ್ರತಿ ಮರದ ಹಿಂದೆಯೂ ಯಾರೋ ನಿಂತ ಹಾಗೆ... ಯಾರೂ ಇರಲಿಲ್ಲ. ನಾಗಮಂಗಲ ದಾಟಿದೆ. ಒಬ್ಬನೂ ತಡೆಯಲಿಲ್ಲ.

ಈಗ ತುಂಗಭದ್ರೆಯಾಚೆ ನಮ್ಮೂರಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ ಗೆಳೆಯರೇ. ಒಂದು ಮಾತ್ರ ಕೊರೆಯುತ್ತಲೇ ಇದೆ.

ಕಾವಲಿಲ್ಲದ ದಾರಿ ಯಾವುದೆಂದು ಅಷ್ಟು ಚೆನ್ನಾಗಿ ಗೊತ್ತಿದ್ದವಳು, ತಾನು ಯಾಕೆ ಇನ್ನೂ ಹಿರೋಡೆಯಲ್ಲೇ ಇದ್ದಾಳೆ?